ಅಪ್‌ಡೇಟ್: ಹೊರಗೋಡೆ ಪಾಚಿಗೆ ಪ್ರೆಷರ್ ವಾಷರ್ ಬಿಟ್ಟು ಬ್ಲೀಚೇ ಹಾಕ್ದೆ

ಹೋದ ತಿಂಗಳು ಕೇಳಿದ್ನಲ್ಲ, ಬೆಂಗಳೂರಿನ ಬನಶಂಕರಿ ಮನೆ ಉತ್ತರದ ಗೋಡೆ ಮಳೆಗೆ ಕಪ್ಪಗಾಗಿದೆ, ಪ್ರೆಷರ್ ವಾಷರ್ (ಜೋರಾಗಿ ನೀರು ಚಿಮ್ಮಿಸಿ ತೊಳೆಯೋ ಮಷಿನ್) ಬಾಡಿಗೆಗೆ ತರ್ಲಾ ಇಲ್ಲ ಕೆಮಿಕಲ್ ಹಾಕ್ಲಾ ಅಂತ. ಉತ್ತರ ಕೊಟ್ಟೋರಿಗೆಲ್ಲ ತುಂಬಾ ಥ್ಯಾಂಕ್ಸ್.

ಮೊದ್ಲು ಪ್ರೆಷರ್ ವಾಷರ್ ತಂದು ಹಿಂದಿನ ಮೂಲೇಲಿ ಟ್ರೈ ಮಾಡ್ದೆ, ನಾಝಲ್ ಸ್ವಲ್ಪ ಹತ್ರ ಹೋಯ್ತು ಅಷ್ಟೇ, ಅಂಗೈ ಅಗಲ ಪೇಂಟ್ ಎದ್ದು ಬಂತು, ಒಳಗೆ ಪ್ಲಾಸ್ಟರ್ ಕಾಣಿಸ್ತು. ಅಲ್ಲಿಗೇ ನಿಲ್ಸಿಬಿಟ್ಟೆ. ಹಳೇ ಪೇಂಟ್ ಇರೋರು ದಯವಿಟ್ಟು ಅದರ ತಂಟೆಗೆ ಹೋಗ್ಬೇಡಿ, ಬಿರುಕಿದ್ರೆ ನೀರು ಒಳಗೆ ನುಗ್ಗುತ್ತೆ.

ಆಮೇಲೆ ಸೋಡಿಯಂ ಹೈಪೋಕ್ಲೋರೈಟ್, ಅಂದ್ರೆ ಲಿಕ್ವಿಡ್ ಬ್ಲೀಚ್ ತಂದೆ, ಸುಮಾರು 10% ಇರೋದು, 1 ಲೀಟರ್‌ಗೆ 9 ಲೀಟರ್ ನೀರು ಬೆರೆಸಿ ಗಾರ್ಡನ್ ಸ್ಪ್ರೇಯರಲ್ಲಿ ಕೆಳಗಿಂದ ಮೇಲಕ್ಕೆ ಹೊಡ್ದು 15 ನಿಮಿಷ ಬಿಟ್ಟೆ, ಕಣ್ಣೆದುರೇ ಕಪ್ಪು ಹೋಗಿ ಕಂದು, ಆಮೇಲೆ ಗೋಡೆ ಬಣ್ಣ ಬಂತು ನೋಡಿ, ಅಷ್ಟು ಖುಷಿಯಾಯ್ತು! ಮೆತ್ತನೆ ಬ್ರಷ್ ಆಡ್ಸಿ ತೊಳ್ದೆ. ತುಳಸಿ, ದಾಸವಾಳಕ್ಕೆ ಮೊದ್ಲೇ ಚೆನ್ನಾಗಿ ನೀರು ಹಾಕಿ ಪ್ಲಾಸ್ಟಿಕ್ ಮುಚ್ಚಿದ್ದೆ, ಏನೂ ಆಗಿಲ್ಲ. ಗ್ಲೌಸ್, ಕನ್ನಡಕ ಮಾತ್ರ ಬೇಕೇ ಬೇಕು.

ಅಂಗಡಿಯವ್ರು ಆಸಿಡ್ಡೂ ಸೇರ್ಸಿ ಅಂದ್ರು, ಖಂಡಿತ ಬೇಡ, ಎರಡೂ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ, ಸಾಲದ್ದಕ್ಕೆ ಆಸಿಡ್ ಸಿಮೆಂಟನ್ನೇ ತಿನ್ನುತ್ತೆ.

ನೀರಿಗೆ ಸಂಪಲ್ಲಿದ್ದ ಮಳೆನೀರೇ ಬಳಸ್ದೆ, 2024ರ ಬೇಸಿಗೇಲಿ ಊರಲ್ಲಿ ನೀರಿಗೆ ಬಂದ ಬರ ನೋಡಿದ ಮೇಲೆ ಕಾವೇರಿ ನೀರು ಗೋಡೆಗೆ ಸುರಿಯೋಕೆ ಮನಸ್ಸು ಬರಲ್ಲ. ಸಜ್ಜಾ ಕೆಳಗೆ ಒಂದು ಪೈಪ್ ಜಿನುಗ್ತಿದೆ, ಪಾಚಿಗೆ ಮಳೆ ಜೊತೆ ಅದೂ ಕಾರಣ, ಪ್ಲಂಬರ್ ಶನಿವಾರ ಬರ್ತಾರೆ.