ಪಟ್ಟಿ ಭುಜಕ್ಕ ಕೊರೀತದ, ಎದಿ ಸಡ್ಲ: ಸ್ವಿಮ್‌ಸೂಟ್ ಸೈಜ್ ಹ್ಯಾಂಗ್ ನೋಡ್ಬೇಕು?

ನೀಲಿನೀರು, ಕಲಬುರಗಿ:
ಏಪ್ರಿಲ್‌ದಾಗ ಲೇಡೀಸ್ ಬ್ಯಾಚ್ ಸೇರಬೇಕಂತ ಆನ್‌ಲೈನ್ ಸ್ವಿಮ್‌ಸೂಟ್ ತರಿಸೀನ್ರಿ. ಎತ್ತರ 5 ಅಡಿ 7 ಇಂಚು, ಎದಿ 36, ಹಿಪ್ 40. ಚಾರ್ಟ್ ಪ್ರಕಾರ ಎಲ್ ಬರ್ತದ. ಆದ್ರ ಪಟ್ಟಿ ಭುಜಕ್ಕ ಕೊರೀತದ, ಹಿಂದ ಬಟ್ಟಿ ಮ್ಯಾಲ ಏರ್ತದ. ಎಕ್ಸ್‌ಎಲ್ ಹಾಕಿದ್ರ ಎದಿ ಹತ್ರ ಜೋಲು. ಮೊಣಕಾಲ ತನಕ ಬರೋದು ಬೇಕು. ಎಲ್ಲಿ ತಪ್ಪಾಗ್ಯದ?

ಟೇಪು_ಕತ್ತರಿ:
ಸುತ್ತಳತಿ ಸರಿ ಅದರಿ, ಉದ್ದ ಸಾಲ್ತಿಲ್ಲ. ಚಾರ್ಟಿನ್ಯಾಗ ‘ಟಾರ್ಸೊ’ ಕಾಲಂ ಅದ ಏನು ನೋಡ್ರಿ. ಭುಜದ ನಡುವಿಗೆ ಟೇಪ್ ಹಿಡಿದು, ಎದಿ ಮ್ಯಾಲಿಂದ ಇಳಿಸಿ, ಕಾಲ ಸಂದಿಯಿಂದ ಬೆನ್ನಿಗೆ ತಂದು, ಅದೇ ಭುಜಕ್ಕ ಮುಟ್ಟಿಸಬೇಕು. ಒಬ್ಬರೇ ಅಳದ್ರ ಬೆನ್ನ ಕಡೆ ಟೇಪ್ ಓರೆ ಆಗ್ತದ. ಮನ್ಯಾಗ ಯಾರಿಗಾದ್ರೂ ಹಿಡೀಲಿಕ್ಕ ಹೇಳ್ರಿ.

ಸೈಜ್ ಏರಿಸಿದ್ರ ಉದ್ದದ ಜೊತಿಗೆ ಅಗಲಾನೂ ಏರ್ತದ, ಅದಕ್ಕೇ ಎಕ್ಸ್‌ಎಲ್ ಜೋಲು ಬಿದ್ದದ್ದು. ಎಲ್ ಸೈಜಿನ್ಯಾಗೇ ‘ಲಾಂಗ್ ಟಾರ್ಸೊ’ ಹುಡುಕ್ರಿ. ಇಲ್ಲಾಂದ್ರ ಟಾಪ್ ಬ್ಯಾರೆ, ಮೊಣಕಾಲಿನ ಟೈಟ್ಸ್ ಬ್ಯಾರೆ ಇರೋ ಸೆಟ್ ತಗೋರಿ, ಉದ್ದದ ತ್ರಾಸೇ ಇಲ್ಲ.

ಸೂಪರ್ ಮಾರ್ಕೆಟ್ ಕಡೆ ಅಂಗಡಿಗೆ ಹೋದ್ರೂ ಟೇಪ್ ಒಯ್ಯಿರಿ. ಈಗಿನ ಸೂಟ್ ನೆಲದ ಮ್ಯಾಲ ಹಾಸಿ, ಭುಜದಿಂದ ಸಂದಿ ತನಕ ಎಷ್ಟು ಅಂತ ಬರಕೋರಿ. ಹೊಸಾದು ಅದಕ್ಕಿಂತ 4 ಸೆಂ.ಮೀ. ಉದ್ದ ಇದ್ರ, ಮುಂದ 4, ಹಿಂದ 4, ಒಟ್ಟು 8 ಸೆಂ.ಮೀ. ಸಿಕ್ಕಂಗ. ಬಟ್ಟಿ ಎಳೆತ ಎರಡಕ್ಕೂ ಒಂದೇ ಥರ ಇರಬೇಕು, ಇಲ್ಲಾಂದ್ರ ಈ ಲೆಕ್ಕ ಕೂಡಂಗಿಲ್ಲ.

ಶಹಾಬಾದಿ_ಫರಸಿ:
ಒಂದು ಸೈಜ್ ಸಣ್ಣದೇ ತಗೋರಿ. ನೀರಾಗ ಲೈಕ್ರಾ ಸಡ್ಲ ಆಗ್ತದ.

ದಡದಿಂದ:
ಸಣ್ಣ ಸೈಜಿನ ಮಾತು ರೇಸಿಂಗ್ ಸೂಟಿಗೆ ಸರಿ. ಕಲಿಯುವವರಿಗೆ ಬೇಡ, ಎದೆ ಬಿಗಿದರೆ ಉಸಿರು ಪೂರ್ತಿ ಎಳೆಯಲು ಆಗುವುದಿಲ್ಲ. ಒಣಗಿದ್ದಾಗ ಮೈಗೆ ಅಂಟಿದಂತಿರಬೇಕು, ಆದರೆ ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು.

ಒಳಉಡುಪಿನ ಮೇಲೆಯೇ ಹಾಕಿ ನೋಡಿ. ಒಳಗಿನ ಪ್ಲಾಸ್ಟಿಕ್ ಸ್ಟಿಕರ್ ಕಿತ್ತರೆ ಸಾಮಾನ್ಯವಾಗಿ ವಾಪಸ್ ತಗೊಳ್ಳುವುದಿಲ್ಲ. ಪಟ್ಟಿ ಹಿಡಿದು ಎಳೆಯಬೇಡಿ, ಹೊಲಿಗೆ ಬಿಡುತ್ತದೆ. ಹಿಪ್ ಮೇಲೆ ಸರಿಯಾಗಿ ಕೂರಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಏರಿಸಿ. ನಂತರ ಎರಡೂ ಕೈ ಎತ್ತಿ, ಬಗ್ಗಿ, ಕುಕ್ಕರಗಾಲಲ್ಲಿ ಕೂತು ನೋಡಿ. ಬಗ್ಗಿದಾಗ ಕತ್ತಿನ ಬಳಿ ಬಾಯಿ ಬಿಟ್ಟರೆ, ಗೋಡೆ ಒದ್ದು ಮುಂದೆ ಹೋಗುವಾಗ ಅಲ್ಲೇ ನೀರು ತುಂಬುತ್ತದೆ. ಮೊಣಕಾಲಿನ ಸೂಟಿನಲ್ಲಿ ಸಂದಿ ಕೆಳಗೆ ಜೋತರೆ ಬ್ರೆಸ್ಟ್‌ಸ್ಟ್ರೋಕ್ ಒದೆತಕ್ಕೆ ಕಾಲು ಅಗಲಿಸಲಾಗದು. ಫ್ರಾಕ್ ಮಾದರಿ ಚೆಂದ ಕಾಣುತ್ತದೆ, ಅಷ್ಟೇ. ಘೇರು ನೀರು ಹಿಡಿದು ಹಿಂದಕ್ಕೆ ಎಳೆಯುತ್ತದೆ.

ದಿನಾ ಕ್ಲೋರಿನ್ ನೀರಿಗೆ ಇಳಿಯುವುದಾದರೆ ಪಾಲಿಯೆಸ್ಟರ್-ಪಿಬಿಟಿ (ಪಿಬಿಟಿಯೂ ಒಂದು ಬಗೆಯ ಪಾಲಿಯೆಸ್ಟರ್) ಬಟ್ಟೆ ಬಾಳಿಕೆ ಬರುತ್ತದೆ, ಎಳೆತ ಮಾತ್ರ ಕಡಿಮೆ. ನೈಲಾನ್ ಶೇ. 80, ಎಲಾಸ್ಟೇನ್ (ಲೈಕ್ರಾ) ಶೇ. 20 ಇರುವುದು ಮೆತ್ತಗೆ, ಆದರೆ ಕ್ಲೋರಿನ್‌ಗೆ ಬೇಗ ಸಡಿಲವಾಗುತ್ತದೆ. ತಿಳಿ ಬಣ್ಣದ್ದಾದರೆ ಮುಂಭಾಗಕ್ಕೆ ಪೂರ್ತಿ ಲೈನಿಂಗ್ ಇದೆಯೇ ನೋಡಿ. ಕಾಟನ್ ಲೆಗ್ಗಿಂಗ್ ಬೇಡವೇ ಬೇಡ: ನೀರು ಕುಡಿದು ಭಾರವಾಗುತ್ತದೆ, ಅದರ ನೂಲು ಫಿಲ್ಟರ್ ಸೇರುತ್ತದೆ.

ಶಹಾಬಾದಿ_ಫರಸಿ:
ಹೌದ್ರಿ, ರೇಸಿಂಗ್ ಸೂಟೇ ತಲ್ಯಾಗಿತ್ತು. ಇನ್ನೊಂದು: ನಮ್ಮ ಬಿಸಲಿಗೆ ಮಾಳಗಿ ಮ್ಯಾಲ ಒಣಗಿಸಬ್ಯಾಡ್ರಿ, ಹಸೀದೇ ಕವರಿನ್ಯಾಗ ಸುತ್ತಿ ಗಾಡಿ ಡಿಕ್ಕಿಗೂ ಹಾಕಬ್ಯಾಡ್ರಿ. ಈಜಿದ ಕೂಡ್ಲೆ ಸಾದಾ ನೀರಾಗ ಜಾಲಾಡಿ, ಹಿಂಡದೆ ಟವೆಲ್‌ದಾಗ ಒತ್ತಿ, ನೆರಳಿಗೆ ಹಾಕ್ರಿ. ಬೋರ್ ನೀರಾಗ ಬಟ್ಟಿ ಸಾಬೂನು ಹಚ್ಚಿದ್ರ ಬಿಳಿ ಜಿಡ್ಡು ಕೂಡ್ತದ. ಪೂಲ್ ದಂಡಿ ಫರಸಿ ಒರಟಿದ್ರ ಟವೆಲ್ ಹಾಸಿ ಕೂಡ್ರಿ, ಇಲ್ಲಾಂದ್ರ ಹಿಂದಿನ ಬಟ್ಟಿ ಗುಳ್ಳಿ ಏಳ್ತದ.

ನೀಲಿನೀರು:
ಹಾಸಿ ಅಳದೆ, 68 ಸೆಂ.ಮೀ. ಅದ. ಅದೇ ಬಟ್ಟಿದು ಲಾಂಗ್ ಟಾರ್ಸೊ ಎಲ್ 71 ತೋರಸ್ತದ. ಸಾಕಾಗ್ತದೇನ್ರಿ?

ಟೇಪು_ಕತ್ತರಿ:
ಒಟ್ಟು 6 ಸೆಂ.ಮೀ. ಸಿಗ್ತದ. ಈಗಿನ ಸೂಟಿನ ಎರಡೂ ಪಟ್ಟಿ ಭುಜದಿಂದ ಕೆಳಗ ಇಳಿಸಿ ಹಾಕಿ, ಪಟ್ಟಿ ತುದಿಗೂ ಭುಜಕ್ಕೂ ಎಷ್ಟು ಅಂತರ ಉಳೀತದ ನೋಡ್ರಿ. 3 ಸೆಂ.ಮೀ. ಒಳಗಿದ್ರ ತರಿಸ್ರಿ. ಹೆಚ್ಚಿದ್ರ ಟಾಪ್-ಟೈಟ್ಸ್ ಸೆಟ್ಟೇ ಚಲೋ.