ಕ್ಯಾಲ್ಗರಿಯಿಂದ ಒಂದು ದಿನದ ಸರೋವರ ಪ್ರವಾಸ: ಗೈಡ್ ಅವರನ್ನು ಕೇಳಿ

ನಮಸ್ಕಾರ. ನನ್ನ ಊರು ಚಿಕ್ಕಮಗಳೂರು. ಒಂಬತ್ತು ಬೇಸಿಗೆಗಳಿಂದ ಕೆನಡಾದ ಕ್ಯಾಲ್ಗರಿಯಲ್ಲಿ ಗೈಡ್ ಆಗಿ ಕೆಲಸ ಮಾಡುತ್ತಿದ್ದೇನೆ. ಹನ್ನೆರಡು ಜನ ಕೂರುವ ವ್ಯಾನಿನಲ್ಲಿ ಪ್ರವಾಸಿಗರನ್ನು ಬ್ಯಾನ್ಫ್ ಮತ್ತು ಯೋಹೋ ರಾಷ್ಟ್ರೀಯ ಉದ್ಯಾನಗಳಿಗೆ ಬೆಳಗ್ಗೆ ಕರೆದುಕೊಂಡು ಹೋಗಿ ಸಂಜೆ ವಾಪಸು ಬಿಡುತ್ತೇನೆ. ಬೇಸಿಗೆ ಬಂತೆಂದರೆ ಊರಿನಿಂದ ಅಪ್ಪ ಅಮ್ಮಂದಿರು ಬರುತ್ತಾರೆ, ಅವರ ಹಿಂದೆಯೇ ಪ್ರಶ್ನೆಗಳೂ ಬರುತ್ತವೆ. ನಮ್ಮ ಈ ಆನ್‌ಲೈನ್ ಗುಂಪಿನ ನಿರ್ವಾಹಕರು ಒಂದೇ ಕಡೆ ಉತ್ತರಿಸಿ ಎಂದಿದ್ದಾರೆ. ಕೇಳಿ.

ಪ್ರಶ್ನೆ (ಟೊರಾಂಟೊದಿಂದ): ಅಕ್ಕಾ, ಜುಲೈ ಎರಡನೆಯ ವಾರ ಅಪ್ಪ ಅಮ್ಮನ ಜೊತೆ ಬರುತ್ತಿದ್ದೇವೆ. ಬೆಟ್ಟಗಳಿಗೆಂದು ಉಳಿದಿರುವುದು ಒಂದೇ ದಿನ. ಒಂದು ಕಂಪನಿಯವರು ಏಳು ಜಾಗ ತೋರಿಸುತ್ತೇವೆ ಎನ್ನುತ್ತಾರೆ, ಇನ್ನೊಂದು ಕಂಪನಿಯವರು ನಾಲ್ಕು. ದರ ಹೆಚ್ಚುಕಡಿಮೆ ಒಂದೇ. ಏಳರದ್ದನ್ನೇ ತೆಗೆದುಕೊಳ್ಳುವುದು ಲಾಭವಲ್ಲವೇ?

ಉತ್ತರ: ನಾಲ್ಕರದ್ದನ್ನು ತೆಗೆದುಕೊಳ್ಳಿ. ಯಾಕೆಂದು ಲೆಕ್ಕ ಹಾಕಿಯೇ ಹೇಳುತ್ತೇನೆ. ಕ್ಯಾಲ್ಗರಿಯಿಂದ ಬ್ಯಾನ್ಫ್ ಪಟ್ಟಣಕ್ಕೆ ಸುಮಾರು 130 ಕಿ.ಮೀ., ಅಲ್ಲಿಂದ ಲೇಕ್ ಲೂಯಿಸ್‌ಗೆ ಇನ್ನೂ ಅರವತ್ತರ ಹತ್ತಿರ. ಲೇಕ್ ಲೂಯಿಸ್‌ನಿಂದ ಮೊರೇನ್ ಸರೋವರಕ್ಕೆ 14 ಕಿ.ಮೀ. ಬೆಟ್ಟದ ದಾರಿ. ಎಮರಾಲ್ಡ್ ಸರೋವರ ಬೇಕೆಂದರೆ ಪ್ರಾಂತ್ಯದ ಗಡಿ ದಾಟಿ ಬ್ರಿಟಿಷ್ ಕೊಲಂಬಿಯಾಕ್ಕೆ ಹೋಗಬೇಕು. ಎಲ್ಲ ಸೇರಿ ವ್ಯಾನಿನೊಳಗೇ ಐದೂವರೆ ಗಂಟೆ ಕಳೆಯುತ್ತದೆ. ಹನ್ನೊಂದು ಗಂಟೆಯ ಪ್ರವಾಸದಲ್ಲಿ ಉಳಿಯುವುದು ಇನ್ನು ಐದೂವರೆ ಗಂಟೆ. ಏಳು ಜಾಗಕ್ಕೆ ಹಂಚಿದರೆ ತಲಾ ಮುಕ್ಕಾಲು ಗಂಟೆ. ಶೌಚಾಲಯದ ಸಾಲು, ಹನ್ನೆರಡು ಜನ ಇಳಿಯುವುದು ಹತ್ತುವುದು, ಯಾರೋ ಒಬ್ಬರು ಮರೆತ ಟೋಪಿ, ಇಷ್ಟನ್ನು ಕಳೆದರೆ ನೀರಿನ ಮುಂದೆ ಸಿಗುವುದು ಇಪ್ಪತ್ತೈದು ನಿಮಿಷ.

ನಾನೂ ಎರಡನೆಯ ವರ್ಷ ಅಂಥ ಏಳು ಜಾಗದ ಪ್ರವಾಸ ನಡೆಸುತ್ತಿದ್ದೆ. ಒಂದು ದಿನ ಎಮರಾಲ್ಡ್ ಸರೋವರದ ದಡದಲ್ಲಿ ಹಿರಿಯರೊಬ್ಬರು ಶೂ ಬಿಚ್ಚಿ, ಕಾಲುಚೀಲ ಮಡಿಸಿ ಶೂವಿನೊಳಗೆ ತುರುಕಿ, ಪ್ಯಾಂಟನ್ನು ಮೊಣಕಾಲಿನವರೆಗೆ ಏರಿಸಿಕೊಂಡು ನೀರಿನಲ್ಲಿ ಪಾದ ಇಳಿಬಿಟ್ಟಿದ್ದರಷ್ಟೇ. ಅಷ್ಟರಲ್ಲಿ ನಾನು ಹೊತ್ತಾಯಿತು ಎಂದು ಕೂಗಿದೆ. ಒರೆಸಿಕೊಳ್ಳಲು ಬಟ್ಟೆ ಇರಲಿಲ್ಲ. ಒದ್ದೆ ಕಾಲಿಗೇ ಕಾಲುಚೀಲ ಎಳೆದುಕೊಳ್ಳುತ್ತಾ ಅವರು ಒಂದು ಮಾತೂ ಆಡಲಿಲ್ಲ. ಮರುವರ್ಷ ಆ ಮಾರ್ಗದ ಕೆಲಸವನ್ನೇ ಬಿಟ್ಟೆ.

ಬುಕ್ ಮಾಡುವ ಮೊದಲು ಇಮೇಲಿನಲ್ಲಿ ಒಂದೇ ಪ್ರಶ್ನೆ ಕೇಳಿ: ಪ್ರತಿಯೊಂದು ಸರೋವರದ ಬಳಿ ನಮಗೆ ಎಷ್ಟು ನಿಮಿಷ ಸಿಗುತ್ತದೆ? ನೇರವಾಗಿ ಉತ್ತರ ಕೊಡದವರ ವ್ಯಾನ್ ಹತ್ತಬೇಡಿ.

ಪ್ರಶ್ನೆ (ಎಡ್ಮಂಟನ್‌ನಿಂದ): ನಮ್ಮದೇ ಕಾರಿದೆ. ಮೊರೇನ್‌ಗೆ ನಾವೇ ಹೋಗಬಹುದಲ್ಲ, ಗೈಡ್ ಯಾಕೆ ಬೇಕು?

ಉತ್ತರ: ಸರ್, 2023ರಿಂದ ಮೊರೇನ್ ರಸ್ತೆಗೆ ಖಾಸಗಿ ವಾಹನಗಳನ್ನು ಬಿಡುವುದಿಲ್ಲ. ನಡುರಾತ್ರಿಯೇ ಹೋಗಿ ಸಾಲು ಹಚ್ಚುತ್ತಿದ್ದ ಕಾರುಗಳ ಕಾಟ ತಡೆಯಲಾಗದೆ ತಂದ ನಿಯಮವಿದು, ಒಳ್ಳೆಯದೇ ಆಯಿತು. ಈಗ ಇರುವುದು ಎರಡು ದಾರಿ. ಪರವಾನಗಿ ಪಡೆದ ಪ್ರವಾಸಿ ವಾಹನ ಒಂದು, ಸಾರ್ವಜನಿಕ ಬಸ್ಸು ಇನ್ನೊಂದು. ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಪಾರ್ಕ್ಸ್ ಕೆನಡಾದವರ ಬಸ್ಸಿಗೆ ಮುಂಗಡವಾಗಿ ಆಸನ ಕಾದಿರಿಸಬೇಕು. ಇತ್ತೀಚಿನ ವರ್ಷಗಳಲ್ಲಿ ಒಂದಷ್ಟು ಆಸನಗಳನ್ನು ಏಪ್ರಿಲ್‌ನಲ್ಲಿ ಬಿಡುತ್ತಾರೆ, ಉಳಿದವನ್ನು ಹೊರಡುವ ದಿನಕ್ಕೆ ಎರಡು ದಿನ ಮುಂಚೆ ಬೆಳಗ್ಗೆ 8 ಗಂಟೆಗೆ. ಆ ಹೊತ್ತಿಗೆ ಮೊಬೈಲ್ ಹಿಡಿದು ತಯಾರಾಗಿದ್ದರೆ ಸಿಗುತ್ತದೆ. ಅದೇ ಚೀಟಿಯಲ್ಲಿ ಲೇಕ್ ಲೂಯಿಸ್ ಮತ್ತು ಮೊರೇನ್ ನಡುವೆಯೂ ಓಡಾಡಬಹುದು.

ಮಕ್ಕಳಿಗೆ ನಡೆಯುವ ಶಕ್ತಿಯಿದ್ದು, ನಿಮಗೆ ಎರಡು ದಿನ ಬಿಡುವಿದ್ದರೆ ಬಸ್ಸಿನಲ್ಲೇ ಹೋಗಿ, ನನ್ನಂಥವರು ಬೇಕಾಗುವುದಿಲ್ಲ. ಒಂದೇ ದಿನ, ಜೊತೆಗೆ ವಯಸ್ಸಾದವರು ಎಂದಾಗ ಸಣ್ಣ ಗುಂಪಿನ ವ್ಯಾನ್ ಅನುಕೂಲ. ಅಂಗವಿಕಲರ ಪಾರ್ಕಿಂಗ್ ಫಲಕ ಇರುವ ಕಾರುಗಳಿಗೆ ಮಾತ್ರ ಮೊರೇನ್‌ನಲ್ಲಿ ಕೆಲವೇ ಜಾಗಗಳಿವೆ.

ಪ್ರಶ್ನೆ (ಹುಬ್ಬಳ್ಳಿಯಿಂದ): ಮೇಡಂ, ನನಗೆ ರಕ್ತದೊತ್ತಡ ಇದೆ. ಲೇಹ್‌ನಲ್ಲಿ ಉಸಿರಾಟಕ್ಕೆ ತುಂಬ ತೊಂದರೆಯಾಗಿತ್ತು. ಇಲ್ಲಿಯೂ ಹಾಗೆಯೇ ಆಗುತ್ತದೆಯೇ?

ಉತ್ತರ: ಲೇಹ್ ಇರುವುದು 3,500 ಮೀಟರ್ ಎತ್ತರದಲ್ಲಿ. ಮೊರೇನ್ ಸರೋವರ ಸುಮಾರು 1,885 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ತುದಿ ಇದಕ್ಕಿಂತ ತುಸು ಎತ್ತರ, 1,930 ಮೀಟರ್. ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತಿ ಇಳಿದವರಿಗೆ ಇಲ್ಲಿನ ಎತ್ತರ ಭಾರವಾಗುವುದಿಲ್ಲ. ಅತಿ ಎತ್ತರಕ್ಕೆ ಹೋಗುವುದೆಂದರೆ ಪೇಟೋ ಸರೋವರ ಕಾಣುವ ಬೋ ಕಣಿವೆದಾರಿ, ಅದೂ 2,100 ಮೀಟರಿನೊಳಗೆ. ಆದರೂ ನಿಮ್ಮ ವೈದ್ಯರನ್ನು ಒಮ್ಮೆ ಕೇಳಿ, ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಈ ಕಣಿವೆಗಳಲ್ಲಿ ಬಹಳ ಕಡೆ ಮೊಬೈಲ್ ಸಂಪರ್ಕ ಸಿಗುವುದಿಲ್ಲ. ವ್ಯಾನ್ ಹತ್ತುವಾಗಲೇ ನಿಮ್ಮ ಕಾಯಿಲೆಯ ವಿಷಯ ಗೈಡ್‌ಗೆ ತಿಳಿಸಿಬಿಡಿ. ಹೇಳಲು ಸಂಕೋಚಪಟ್ಟು ಮಧ್ಯಾಹ್ನ ಸುಸ್ತಾದವರನ್ನು ನೋಡಿದ್ದೇನೆ.

ಪ್ರಶ್ನೆ (ಬೆಂಗಳೂರಿನಿಂದ): ಫೋಟೋಗಳಲ್ಲಿ ಕಾಣುವ ಆ ನೀಲಿ ನಿಜವೇ? ಕಂಪ್ಯೂಟರಿನಲ್ಲಿ ಬಣ್ಣ ಹಚ್ಚುತ್ತಾರೆ ಎಂದು ನನ್ನ ಅನುಮಾನ.

ಉತ್ತರ: ನಿಜ. ಈ ಪ್ರಶ್ನೆ ನನಗೆ ಬಹಳ ಇಷ್ಟ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಹಿಮನದಿ ಎಂದರೆ ನಿಂತ ಮಂಜುಗಡ್ಡೆಯಲ್ಲ. ತನ್ನ ಭಾರಕ್ಕೆ ತಾನೇ ನಿಧಾನವಾಗಿ ಕೆಳಕ್ಕೆ ಸರಿಯುತ್ತಿರುತ್ತದೆ. ಅದರ ತಳದಲ್ಲಿ ಕಚ್ಚಿಕೊಂಡ ಕಲ್ಲುಗಳು ಅಡಿಯ ಬಂಡೆಯನ್ನು ಉಜ್ಜುತ್ತವೆ, ಬೀಸುಕಲ್ಲಿನ ಎರಡು ಹೋಳುಗಳಂತೆ. ರಾಗಿ ಬೀಸಿದರೆ ಹಿಟ್ಟು ಉದುರುವ ಹಾಗೆ ಇಲ್ಲಿ ಕಲ್ಲಿನ ಹಿಟ್ಟು ಉದುರುತ್ತದೆ. ಅದು ಎಷ್ಟು ನಯವೆಂದರೆ ಸರೋವರ ಸೇರಿದ ಮೇಲೂ ತಳಕ್ಕೆ ಕೂರದೆ ನೀರಿನಲ್ಲಿ ತೇಲುತ್ತಲೇ ಇರುತ್ತದೆ. ಬಿಸಿಲಿನ ಕೆಂಪು ಭಾಗವನ್ನು ನೀರು ಹೀರಿಕೊಳ್ಳುತ್ತದೆ. ಉಳಿದ ನೀಲಿ ಹಸಿರನ್ನು ಈ ಹಿಟ್ಟಿನ ಕಣಗಳು ಚದುರಿಸಿ ನಮ್ಮ ಕಣ್ಣಿಗೆ ಮರಳಿಸುತ್ತವೆ. ಬೊಗಸೆಯಲ್ಲಿ ಎತ್ತಿಕೊಂಡರೆ ಬಣ್ಣವಿಲ್ಲ, ಬರೀ ನೀರು. ಹಿಮನದಿಯಿಂದ ಈಗಷ್ಟೇ ಇಳಿದ ತೊರೆಯಲ್ಲಾದರೆ ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿ ಕಾಣುತ್ತದೆ.

ಹಿಮ ಕರಗಿದರೆ ತಾನೇ ಹಿಟ್ಟು ಹರಿದು ಬರುವುದು? ಅದಕ್ಕೇ ಜೂನ್ ಕೊನೆಯಿಂದ ಬಣ್ಣ ಏರುತ್ತದೆ, ಜುಲೈ ಆಗಸ್ಟ್‌ನಲ್ಲಿ ಗಾಢವಾಗಿರುತ್ತದೆ. ಮೊರೇನ್‌ಗೆ ಬೆಳಗ್ಗೆ ಹೋಗಿ, ಸರೋವರದ ಹಿಂದಿರುವ ಹತ್ತು ಶಿಖರಗಳ ಸಾಲಿಗೆ ಆಗ ಬಿಸಿಲು ಮುಖಾಮುಖಿಯಾಗಿ ಬೀಳುತ್ತದೆ. ಪೇಟೋ ಹಾಗಲ್ಲ, ಅದನ್ನು ಮೇಲಿನಿಂದ ನೋಡುವುದರಿಂದ ಸೂರ್ಯ ನೆತ್ತಿಗೆ ಬಂದ ಹೊತ್ತು ಚೆನ್ನ.

ಇನ್ನೊಂದು ಮಾತು. ಮೊರೇನ್ ಎಂದರೆ ಹಿಮನದಿ ತಂದು ಸುರಿದ ಕಲ್ಲುರಾಶಿ. 1899ರಲ್ಲಿ ಪರ್ವತಾರೋಹಿ ವಾಲ್ಟರ್ ವಿಲ್ಕಾಕ್ಸ್ ಇಲ್ಲಿಗೆ ಬಂದಾಗ ಸರೋವರದ ಬಾಯಿಗಡ್ಡವಾಗಿ ಬಿದ್ದ ಬಂಡೆಗಳನ್ನು ನೋಡಿ ಆ ಹೆಸರಿಟ್ಟರು. ಅದು ಪಕ್ಕದ ಬೆಟ್ಟದಿಂದ ಕುಸಿದು ಬಿದ್ದ ರಾಶಿಯೇ ಇರಬೇಕೆಂದು ಭೂವಿಜ್ಞಾನಿಗಳು ಆಮೇಲೆ ಹೇಳಿದರು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಕೆನಡಾದ ಹಳೆಯ ಇಪ್ಪತ್ತು ಡಾಲರ್ ನೋಟಿನ ಹಿಂಬದಿಯಲ್ಲಿ ಇದ್ದದ್ದು ಇದೇ ಸರೋವರ.

ಪ್ರತಿಕ್ರಿಯೆ (ಬೇರೊಬ್ಬ ಸದಸ್ಯರಿಂದ): ನಾವು ಜೂನ್ ಮೊದಲ ವಾರ ಹೋಗಿದ್ದೆವು. ಲೇಕ್ ಲೂಯಿಸ್ ಮೇಲೆ ಬೂದು ಬಣ್ಣದ ಮಂಜುಗಡ್ಡೆ, ಮೊರೇನ್ ಅರ್ಧ ಖಾಲಿ. ನಮ್ಮ ಗೈಡ್ ಮೊದಲೇ ಹೇಳಲಿಲ್ಲ.

ಉತ್ತರ: ಕೇಳಿ ಬೇಸರವಾಯಿತು. ಹೇಳುವುದು ಅವರ ಕರ್ತವ್ಯವಾಗಿತ್ತು. ಲೇಕ್ ಲೂಯಿಸ್ ನವೆಂಬರ್‌ನಲ್ಲಿ ಹೆಪ್ಪುಗಟ್ಟಿದರೆ ಬಿಚ್ಚಿಕೊಳ್ಳುವುದು ಸಾಮಾನ್ಯವಾಗಿ ಜೂನ್ ಆರಂಭದಲ್ಲೇ. ಜೂನ್ 20ಕ್ಕಿಂತ ಮೊದಲು ಬುಕ್ ಮಾಡುವವರಿಗೆ ನಾನು ಫೋನ್ ಮಾಡಿ ಇದನ್ನು ತಿಳಿಸುತ್ತೇನೆ, ಕೆಲವರು ದಿನ ಬದಲಿಸಿಕೊಳ್ಳುತ್ತಾರೆ.

ಪ್ರಶ್ನೆ (ದಾವಣಗೆರೆಯಿಂದ): ಮಗಳ ಮನೆಗೆ ಬರುತ್ತಿದ್ದೇನಮ್ಮ. ನನಗೆ ಸೀರೆ ಬಿಟ್ಟು ಬೇರೆ ಉಟ್ಟು ಅಭ್ಯಾಸವಿಲ್ಲ. ನಡೆಯುತ್ತದೆಯೇ? ಊಟಕ್ಕೆ ಏನು ಮಾಡುತ್ತೀರಿ? ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ.

ಉತ್ತರ: ಖಂಡಿತ ಸೀರೆಯಲ್ಲೇ ಬನ್ನಿ ಅಮ್ಮಾ. ಒಳಗೆ ಬೆಚ್ಚಗಿನ ಲೆಗ್ಗಿಂಗ್ಸ್ ಹಾಕಿಕೊಳ್ಳಿ, ಸೀರೆಯನ್ನು ಒಂದು ಬೆರಳು ಮೇಲಕ್ಕೆ ಉಡಿ, ಕಾಲಿಗೆ ಚಪ್ಪಲಿ ಬೇಡ, ತಳ ಜಾರದ ಶೂ ಇರಲಿ. ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್. ಜುಲೈನಲ್ಲೂ ಬೆಳಗಿನ ಹೊತ್ತು ಮೊರೇನ್ ದಡದಲ್ಲಿ ಕೈ ಮರಗಟ್ಟುತ್ತದೆ, ಮಧ್ಯಾಹ್ನ ಸ್ವೆಟರ್ ಬಿಚ್ಚುವಷ್ಟು ಬಿಸಿಲು. ಈ ಎತ್ತರದಲ್ಲಿ ಯಾವ ತಿಂಗಳಲ್ಲಾದರೂ ಹಿಮ ಬೀಳಬಹುದು. ಮೊರೇನ್‌ನ ಬಂಡೆರಾಶಿಯ ಮೇಲಕ್ಕೆ ಮೆಟ್ಟಿಲಿನ ದಾರಿಯಿದೆ. ಅಲ್ಲಿ ನೆರಿಗೆ ಒಂದು ಕೈಯಲ್ಲಿ, ಮಗಳು ಇನ್ನೊಂದು ಕೈಯಲ್ಲಿ.

ಊಟ ಮನೆಯಿಂದಲೇ ತನ್ನಿ. ಚಪಾತಿ, ಪಲ್ಯ, ಚಿತ್ರಾನ್ನ, ಮೊಸರನ್ನ ಯಾವುದಾದರೂ ಸರಿ. ಸರೋವರದ ಬಳಿಯ ಹೋಟೆಲುಗಳಲ್ಲಿ ಮೊಟ್ಟೆಯಿಲ್ಲದ ಊಟ ಹುಡುಕುವುದರಲ್ಲೇ ನಿಮ್ಮ ಅರ್ಧ ಗಂಟೆ ಹೋಗುತ್ತದೆ. ಒಂದು ಅಗುಳನ್ನೂ ನೆಲಕ್ಕೆ ಬಿಡಬೇಡಿ, ಅಳಿಲು ಎದುರಿಗೆ ಕೈಮುಗಿದಂತೆ ನಿಂತರೂ ಕೊಡಬೇಡಿ. ಪ್ರಾಣಿಗಳಿಗೆ ತಿನ್ನಿಸಿದರೆ 25,000 ಡಾಲರ್‌ವರೆಗೆ ದಂಡವಿದೆ. ದಂಡಕ್ಕಿಂತ ದೊಡ್ಡದು, ಮನುಷ್ಯರ ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುತ್ತದೆ. ಇಲ್ಲಿನ ಕಸದ ತೊಟ್ಟಿಗಳನ್ನು ಗಮನಿಸಿ. ಕಬ್ಬಿಣದ ಮುಚ್ಚಳದ ಹಿಡಿಯೊಳಗೆ ಅಂಗೈ ತೂರಿಸಿ, ಒಳಗಿನ ಚಿಲಕವನ್ನು ಬೆರಳಿನಿಂದ ಒತ್ತಿದರೆ ಮಾತ್ರ ತೆರೆಯುತ್ತದೆ. ಕರಡಿಯ ಪಂಜ ಅಲ್ಲಿ ಹಿಡಿಸುವುದಿಲ್ಲ.

ಪ್ರಶ್ನೆ (ಅದೇ ಸದಸ್ಯರಿಂದ): ಅಯ್ಯೋ, ಕರಡಿ ಎದುರಿಗೇ ಬರುತ್ತದೆಯೇ?

ಉತ್ತರ: ಬಹುತೇಕ ರಸ್ತೆಬದಿಯಲ್ಲಿ ವ್ಯಾನಿನೊಳಗಿನಿಂದಲೇ ಕಾಣುತ್ತದೆ. ಕರಡಿಯಿಂದ 100 ಮೀಟರ್, ಎಲ್ಕ್ ಎಂಬ ದೊಡ್ಡ ಜಿಂಕೆ ಮತ್ತು ಕಾಡುಕುರಿಗಳಿಂದ 30 ಮೀಟರ್ ದೂರ ಇರಬೇಕೆಂಬುದು ನಿಯಮ. ಕರಡಿಗೆಂದೇ ಇರುವ ಖಾರದ ಸ್ಪ್ರೇ ನನ್ನ ಸೊಂಟದಲ್ಲಿ ಸದಾ ಇರುತ್ತದೆ. ದಾರಿಯಲ್ಲಿ ಹೆದ್ದಾರಿಯ ಮೇಲೆ ಹುಲ್ಲು, ಮರ ಬೆಳೆದ ಸೇತುವೆಗಳನ್ನು ತೋರಿಸುತ್ತೇನೆ. ಅವು ಪ್ರಾಣಿಗಳು ದಾಟಲೆಂದೇ ಕಟ್ಟಿದವು.

ಪ್ರಶ್ನೆ (ಸಿಯಾಟಲ್‌ನಿಂದ): ಟಿಪ್ಸ್ ಎಷ್ಟು ಕೊಡಬೇಕು? ಕೇಳಲು ಮುಜುಗರ.

ಉತ್ತರ: ಇಲ್ಲಿನ ರೂಢಿ ಟಿಕೆಟ್ ದರದ ಶೇ. 10ರಿಂದ 20. ಕಡ್ಡಾಯವಲ್ಲ. ಮನಸ್ಸಿಗೆ ಬಂದಷ್ಟು ಕೊಡಿ.

ಪ್ರಶ್ನೆ (ಮಂಗಳೂರಿನಿಂದ): ಕಾಡ್ಗಿಚ್ಚಿನ ಹೊಗೆಯಲ್ಲಿ ಏನೂ ಕಾಣುವುದಿಲ್ಲ ಎಂದು ಕೇಳಿದೆ. ಸೆಪ್ಟೆಂಬರ್ ಒಳ್ಳೆಯದೇ?

ಉತ್ತರ: ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಹೊಗೆಯ ಭಯ ಇದ್ದೇ ಇದೆ. 2024ರ ಜುಲೈನಲ್ಲಿ ಉತ್ತರದ ಜಾಸ್ಪರ್ ಪಟ್ಟಣದ ಮೂರನೆಯ ಒಂದು ಭಾಗದಷ್ಟು ಕಟ್ಟಡಗಳು ಸುಟ್ಟುಹೋದವು. ಹೊಗೆಯಿದ್ದರೆ ದಿನ ಬದಲಿಸಲು ಒಪ್ಪುತ್ತಾರೆಯೇ ಎಂದು ಹಣ ಕಟ್ಟುವ ಮುಂಚೆ ಕೇಳಿ. ಸೆಪ್ಟೆಂಬರ್ ಮೂರನೆಯ ವಾರದ ಹೊತ್ತಿಗೆ ಲಾರ್ಚ್ ಮರಗಳು ಬಂಗಾರದ ಬಣ್ಣಕ್ಕೆ ತಿರುಗುತ್ತವೆ. ಸೂಜಿ ಎಲೆಯ ಮರವಾದರೂ ಚಳಿಗಾಲಕ್ಕೆ ಎಲೆ ಉದುರಿಸುವ ಜಾತಿ ಅದು. ಜನಸಂದಣಿಯೂ ಆಗ ವಿಪರೀತ.

ಪ್ರಶ್ನೆ (ಶಿವಮೊಗ್ಗದ ಶಿಕ್ಷಕರಿಂದ): ಹಿಮನದಿಗಳು ಕರಗುತ್ತಿರುವುದು ಕಣ್ಣಿಗೆ ಕಾಣುತ್ತದೆಯೇ ಮೇಡಂ? ಮಕ್ಕಳಿಗೆ ಹೇಳಬೇಕಿತ್ತು.

ಉತ್ತರ: ಕಾಣುತ್ತದೆ ಸರ್. ಬೋ ಸರೋವರದ ಬಳಿ ಕ್ರೋಫುಟ್ ಎಂಬ ಹಿಮನದಿಯಿದೆ. ಕಾಗೆಯ ಪಾದದಂತೆ ಮೂರು ಬೆರಳಿದ್ದದ್ದರಿಂದ ಆ ಹೆಸರು. ಈಗ ಎಷ್ಟು ಎಣಿಸಿದರೂ ಎರಡೇ ಬೆರಳು. ಕೆಳಗಿನದು ಹೋಗಿ ಎಂಬತ್ತು ವರ್ಷಗಳ ಹತ್ತಿರ ಬಂತು. ಲೇಕ್ ಲೂಯಿಸ್ ಹಿಂದಿನ ಕಣಿವೆದಾರಿಯ ಮೇಲೆ 1922ರಲ್ಲಿ ಕಲ್ಲಿನಿಂದ ಕಟ್ಟಿದ ಆ್ಯಬಟ್ ಪಾಸ್ ಎಂಬ ಪರ್ವತಾರೋಹಿಗಳ ತಂಗುದಾಣವಿತ್ತು. ಅದರ ಬುಡದ ಮಂಜು ಕರಗಿ ನೆಲ ಜರಿಯತೊಡಗಿದಾಗ 2022ರಲ್ಲಿ ಕೆಡವಬೇಕಾಯಿತು. ಮಕ್ಕಳಿಗೆ ಇದನ್ನೂ ಹೇಳಿ: ಬೋ ಹಿಮನದಿಯ ನೀರು ಸರೋವರಕ್ಕೆ ಇಳಿದು, ಬೋ ನದಿಯಾಗಿ ಕ್ಯಾಲ್ಗರಿಗೆ ಬರುತ್ತದೆ. ನನ್ನ ಮನೆಯ ನಲ್ಲಿಯಲ್ಲೂ ಆ ನೀರಿದೆ.

ಪ್ರಶ್ನೆ (ಟೊರಾಂಟೊದಿಂದ, ಮೊದಲು ಕೇಳಿದವರು): ಅಕ್ಕಾ, ನಾಲ್ಕು ಜಾಗದ್ದನ್ನೇ ಬುಕ್ ಮಾಡಿದೆವು. ಲೇಕ್ ಲೂಯಿಸ್‌ನಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ ಕೊಡುತ್ತಾರಂತೆ. ಅಪ್ಪನಿಗೆ ಮೊಣಕಾಲು ನೋವು. ದೋಣಿಗೆ ಹೋಗಲೇ, ಏನು ಮಾಡಲಿ?

ಉತ್ತರ: ದೋಣಿ ಬೇಡ. ಗಂಟೆಗೆ ನೂರು ಡಾಲರಿಗಿಂತ ಹೆಚ್ಚು, ಹತ್ತಿ ಇಳಿಯುವಾಗ ಮೊಣಕಾಲು ಬಾಗಿಸಲೇಬೇಕು. ದೊಡ್ಡ ಹೋಟೆಲಿನ ಮುಂದಿನಿಂದ ಬಲದಂಡೆ ಹಿಡಿದು ಸರೋವರದ ಆ ತುದಿಯವರೆಗೆ ಸುಮಾರು ಎರಡು ಕಿ.ಮೀ. ಸಮತಟ್ಟಾದ ಕಾಲುದಾರಿ ಇದೆ. ಪೂರ್ತಿ ಹೋಗಬೇಕಿಲ್ಲ, ಅಪ್ಪನ ನಡಿಗೆಯಲ್ಲೇ ಹತ್ತು ಹದಿನೈದು ನಿಮಿಷ ಹೋಗಿ. ಫೋಟೋದವರ ಗದ್ದಲ ಅಷ್ಟರಲ್ಲಿ ಹಿಂದೆ ಉಳಿದಿರುತ್ತದೆ. ಬೆಂಚು ಸಿಕ್ಕಲ್ಲಿ ಕೂರಿಸಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಡಿ. ಎದುರಿಗೆ ವಿಕ್ಟೋರಿಯಾ ಪರ್ವತ, ಅದರ ನೆತ್ತಿಗೆ ಅಂಟಿಕೊಂಡ ಮಂಜು. ಬಿಸಿಲೇರಿದ ಮೇಲೆ ಒಮ್ಮೊಮ್ಮೆ ಅದರ ಅಂಚು ಮುರಿದು ಬೀಳುತ್ತದೆ. ಮೊದಲು ಬಿಳಿ ಪುಡಿ ಜಾರಿದ್ದು ಕಾಣುತ್ತದೆ, ಗುಡುಗಿನಂಥ ಸದ್ದು ತಡವಾಗಿ ಬರುತ್ತದೆ. ಸದ್ದು ಕೇಳಿ ತಲೆ ಎತ್ತಿದರೆ ಅಷ್ಟರಲ್ಲಿ ಮುಗಿದಿರುತ್ತದೆ. ಹಾಗಾಗಿ ಅಪ್ಪನಿಗೆ ಮೊದಲೇ ಹೇಳಿಡಿ, ಕಣ್ಣು ಮೇಲೆಯೇ ಇರಲಿ. ಒಂದು ಒಣ ಟವೆಲ್ ಕೂಡ ಚೀಲದಲ್ಲಿರಲಿ.