ಹಲಸಿನ ಪೆಟ್ಟಿಗೆ ಮತ್ತು ಕ್ಯಾನ್ವಾಸ್ ಬೂಟಿಗೆ ಚಿತ್ತಾರ: ಅನುಭವವಿದ್ದವರು ತಿಳಿಸಿ

ಹೊಸಕುಂಚ: ಅಜ್ಜಿಯ ಕಾಲದ ಹಲಸಿನ ಪೆಟ್ಟಿಗೆಯ ಮುಚ್ಚಳಕ್ಕೆ ಕೆಂಪು ನೆಲದ ಮೇಲೆ ಬಿಳಿ ಗೆರೆಗಳ ಹಸೆ ಚಿತ್ತಾರ (ಮಲೆನಾಡಿನ ದೀವರ ಸಮುದಾಯದವರು ಮದುವೆಗೆ ಗೋಡೆಯ ಮೇಲೆ ಬರೆಯುವ ಚಿತ್ರ) ಬರೆದು, ಅದೇ ವಿನ್ಯಾಸವನ್ನು ಒಂದು ಜೊತೆ ಕ್ಯಾನ್ವಾಸ್ ಬೂಟಿನ ಮೇಲೂ ಮೂಡಿಸುವ ಆಸೆಯಿದೆ. ಮಳೆಗಾಲಕ್ಕೆ ಮೊದಲು ಮುಗಿಸಬಹುದೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕು.

ಹಳದಿಕಲೆ: ಹಲಸು ಎಂಬ ಮಾತು ಕೇಳಿದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ನಮ್ಮ ಮಂಚದ ತಲೆಹಲಗೆಯನ್ನು 120ರ ಉಪ್ಪುಕಾಗದದಿಂದಲೂ ಆಮೇಲೆ 220ರದರಿಂದಲೂ ಉಜ್ಜಿ, ನೀರಿನಲ್ಲಿ ಕಲಸುವ ಬಿಳಿ ಪ್ರೈಮರನ್ನು ಎರಡು ಸಲ ಬಳಿದೆ. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಯಾರೋ ಅರಿಸಿನದ ನೀರು ಚೆಲ್ಲಿದಂತೆ ಕಲೆಗಳು ಎದ್ದಿದ್ದವು. ಬೌದ್ಧ ಭಿಕ್ಷುಗಳ ವಸ್ತ್ರಕ್ಕೆ ಬಣ್ಣ ಕಟ್ಟಲು ಬೇಯಿಸುತ್ತಿದ್ದುದು ಇದೇ ಮರದ ತಿರುಳನ್ನು ಎಂಬುದು ನನಗೆ ತಿಳಿದದ್ದು ಅನಂತರ. ಎಲ್ಲವನ್ನೂ ಕೆರೆದು, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಎರಡು ಪದರ ಹಚ್ಚಿದ ಮೇಲೆಯೇ ಕಲೆ ನಿಂತಿತು. ಪ್ರೈಮರಿಗೆ 640, ಅರಗಿಗೆ 480, ಸ್ಪಿರಿಟ್‌ಗೆ 210, ಹನ್ನೆರಡು ಹಾಳೆ ಉಪ್ಪುಕಾಗದಕ್ಕೆ 240, ಒಟ್ಟು 1,570 ರೂಪಾಯಿ. ಚಿತ್ರದ ಬಣ್ಣದ ಲೆಕ್ಕ ಇದರಲ್ಲಿಲ್ಲ.

ಮೂರುಜೋಡಿ: ಮರ ಕನಿಷ್ಠಪಕ್ಷ ಮಡಚಿಕೊಳ್ಳುವುದಿಲ್ಲ. ನಾನು ಮೊದಲು ಬರೆದ ಚರ್ಮದ ಬೂಟಿನ ಬಣ್ಣ, ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಬೆರಳು ಮಡಚುವ ಕಡೆ ಒಣಕೆರೆಯ ತಳದಂತೆ ಸೀಳಿತು. ಗೋಡೆಚಿತ್ರದ ಅಕ್ರಿಲಿಕ್ ಅದು, ದಪ್ಪವಾಗಿ ಬಳಿದಿದ್ದೆ. ಎರಡನೆಯ ಜೊತೆಗೆ ಚರ್ಮದ ಬಣ್ಣವನ್ನೇ ತಂದೆ. ಆದರೆ ಕಾರ್ಖಾನೆಯ ಹೊಳಪನ್ನು ಅಸಿಟೋನಿನಿಂದ ತೆಗೆಯಬೇಕಿದ್ದಲ್ಲಿ, ಮನೆಯಲ್ಲಿದ್ದ ಉಗುರುಬಣ್ಣ ತೆಗೆಯುವ ದ್ರವವನ್ನು ಬಳಸಿದೆ. ಅದರಲ್ಲಿದ್ದ ಎಣ್ಣೆಯ ಅಂಶ ಉಳಿದು ಬಣ್ಣ ಸಿಪ್ಪೆಯಂತೆ ಸುಲಿಯಿತು. ಮೂರನೆಯದು ಕ್ಯಾನ್ವಾಸ್. ಬಣ್ಣ ಬಟ್ಟೆಯ ಮೇಲೆ ಬಿರಿಯದೆ ಹಿಡಿಯುವಂತೆ ಮಾಡುವ ದ್ರವವನ್ನು (ಫ್ಯಾಬ್ರಿಕ್ ಮೀಡಿಯಂ) ಅದಕ್ಕೆ ಬೆರೆಸಿ, ತೆಳುವಾಗಿ ನಾಲ್ಕು ಪದರ ಹಚ್ಚಿ, ಒಣಗಿದ ಮೇಲೆ ಬಟ್ಟೆ ಹಾಸಿ ಇಸ್ತ್ರಿ ಮಾಡಿದ್ದರಿಂದ ಎರಡು ವರ್ಷಗಳಿಂದ ಗಟ್ಟಿಯಾಗಿದೆ. ರಬ್ಬರಿನ ಅಂಚಿಗೆ ಬರೆಯುವ ಸಾಹಸ ಬೇಡ, ಅಲ್ಲಿ ಯಾವುದೂ ನಿಲ್ಲದು.

ಗುರಿಗೆಕಾಳು: ನಾನು ಸಾಗರದ ಕಡೆಯ ದೀವರ ಮನೆಯವಳು. ನೆನೆಸಿದ ಅಕ್ಕಿಯನ್ನು ಅರೆದು ಬಿಳಿ, ಸುಟ್ಟ ಅಕ್ಕಿಯಿಂದ ಕಪ್ಪು, ಕೆಮ್ಮಣ್ಣಿನಿಂದ ಕೆಂಪು, ಗುರಿಗೆ ಎಂಬ ಕಾಡುಗಿಡದ ಕಾಳಿನಿಂದ ಹಳದಿ ಮಾಡಿ, ಪುಂಡಿ ನಾರಿನ ಕುಂಚದಲ್ಲಿ ಅಮ್ಮ ಹಸೆಗೋಡೆಗೆ ಬರೆಯುವುದನ್ನು ನೋಡುತ್ತ ಬೆಳೆದೆ. ಆ ಬಣ್ಣಗಳಲ್ಲೇ ನಾನೂ ಒಂದು ಪೆಟ್ಟಿಗೆಗೆ ಬರೆದೆ. ಕೈ ತಾಗಿದರೆ ಉದುರುತ್ತದೆಂದು ಎಣ್ಣೆಯ ವಾರ್ನಿಶ್ ಹಚ್ಚಿದೆ, ಅಕ್ಕಿಯ ಬಿಳುಪು ತುಪ್ಪದ ಬಣ್ಣಕ್ಕೆ ತಿರುಗಿತು. ಅದರ ನೋವಿದೆ. ಆದರೆ ಮದುಮಕ್ಕಳು ಕೂರುವ ಗೋಡೆಯ ಚಿತ್ತಾರವನ್ನು ಕಾಲಿಗೆ ತೊಡುವ ಯೋಚನೆಯನ್ನು ನಾನು ಒಪ್ಪಲಾರೆ.

ಮೂರುಜೋಡಿ: ಮೇಡಂ, ಚಿತ್ತಾರ ಗೋಡೆಯನ್ನು ಬಿಟ್ಟಿಳಿದು ಬಹಳ ಕಾಲವಾಯಿತು. ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೆ ನಿಮ್ಮವರೇ ಬರೆಯುವುದಿಲ್ಲವೇ?

ಗುರಿಗೆಕಾಳು: ಭೂಮಣ್ಣಿ ಬುಟ್ಟಿಯನ್ನು ಹೊರುವುದು ತಲೆಯ ಮೇಲೆ, ಸ್ವಾಮಿ. ಅದನ್ನು ನಿಮ್ಮ ಬೂಟಿನ ಪಕ್ಕದಲ್ಲಿ ಇಡಬೇಡಿ.

ಹಳದಿಕಲೆ: ಅದಿರಲಿ, ಎಣ್ಣೆಯ ವಾರ್ನಿಶ್ ಬಿಳುಪನ್ನು ಕೆಡಿಸುತ್ತದೆ ಎಂಬುದು ಗೊತ್ತಿದ್ದ ವಿಷಯವೇ ಅಲ್ಲವೇ? ನೀರಿನಲ್ಲಿ ಕಲಸುವ ಪಾರದರ್ಶಕ ಲೇಪವನ್ನೇ ಹಚ್ಚಬೇಕಿತ್ತು.

ಗುರಿಗೆಕಾಳು: ಅಕ್ಕಿಯ ಹಿಟ್ಟಿನ ಗೆರೆಯ ಮೇಲೆ ನೀರಿನ ಲೇಪವನ್ನು ಕುಂಚದಿಂದ ಎಳೆದು ನೋಡಿದ್ದೀರಾ? ನಾನು ನೋಡಿದ್ದೇನೆ. ಗೆರೆಯೇ ಕುಂಚಕ್ಕೆ ಬಂತು. ಹಲಸಿಗೆ ಅರಗು ಬೇಕೆಂಬುದೂ ಗೊತ್ತಿದ್ದ ವಿಷಯವೇ, ನಿಮಗೆ 1,570 ರೂಪಾಯಿ ಏಕೆ ಹಿಡಿಯಿತು?

ಪಾಲಿಷ್‌ಮನೆ: ಅರಗಿನ ಪಾಲಿಷ್ ನಮ್ಮ ತಂದೆಯ ಕಾಲದಿಂದ ನಡೆದು ಬಂದ ಕೆಲಸ. ಜೂನ್ ತಿಂಗಳಲ್ಲಿ, ಗಿರಾಕಿಯ ಒತ್ತಾಯಕ್ಕೆ ಮಣಿದು, ಮಳೆ ಸುರಿಯುತ್ತಿರುವಾಗಲೇ ಒಂದು ಬೀರುವಿಗೆ ಅರಗು ಹಚ್ಚಿ, ಗಾಳಿಯ ತೇವವನ್ನು ಹೀರಿ ಅದು ಹಾಲಿನಂತೆ ಬೆಳ್ಳಗಾದದ್ದನ್ನು ಕಂಡು, ಇಡೀ ಬೀರುವನ್ನು ಸ್ಪಿರಿಟ್‌ನಿಂದ ಒರೆಸಿ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಿದ್ದೇನೆ. ಒಂಬತ್ತು ದಿನದ ಕೂಲಿ ಹೋಯಿತು. ಗಿರಾಕಿ ಮುಂಗಡವನ್ನೂ ವಾಪಸು ಕೇಳಿದರು.